ಗೆರೆ ಕಾಣದ ಕಟ್ಟಳೆಗಳು

ಚಿತ್ರ, ಛಾಯಾಚಿತ್ರ, ವ್ಯಂಗ್ಯಚಿತ್ರಗಳನ್ನು ಹಂಚಿಕೊಳ್ಳುವ ಜಾಲತಾಣಗಳು ಯಾವ ಕೃತಿಯನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಅಳಿಸಬೇಕು, ಯಾವುದನ್ನು ವಯಸ್ಕರಿಗಷ್ಟೇ ತೋರಿಸಬೇಕು ಎಂದು ತೀರ್ಮಾನಿಸುವ ವ್ಯವಸ್ಥೆಯನ್ನು ‘ಕಂಟೆಂಟ್ ಮಾಡರೇಶನ್’, ಅಂದರೆ ವಿಷಯ ನಿಯಂತ್ರಣ ಎನ್ನುತ್ತಾರೆ. ಇಂಥ ತಾಣಗಳಲ್ಲಿ ಸಾಮಾನ್ಯವಾಗಿ ಮೊದಲ ಜರಡಿಯಾಗಿ ಯಂತ್ರವೇ ಚಿತ್ರವನ್ನು ಪರಿಶೀಲಿಸುತ್ತದೆ. ಯಂತ್ರಕ್ಕೆ ಅನುಮಾನ ಬಂದದ್ದು ಇಲ್ಲವೆ ಬಳಕೆದಾರರು ದೂರು ಕೊಟ್ಟದ್ದು ಮಾತ್ರ ಮನುಷ್ಯರ ಕಣ್ಣಿಗೆ ಬೀಳುತ್ತದೆ. ಈ ಎರಡು ಹಂತಗಳಿಗೂ ಆಧಾರವಾಗಿರುವ ನಿಯಮಗಳಲ್ಲಿ ‘ಅಸಭ್ಯ’, ‘ಆಕ್ಷೇಪಾರ್ಹ’, ‘ಸಮುದಾಯದ ಮಾನದಂಡಕ್ಕೆ ಒಗ್ಗದ’ ಎಂಬಂಥ ಮಾತುಗಳೇ ಹೆಚ್ಚಾಗಿದ್ದು, ಅವುಗಳ ಗಡಿ ಎಲ್ಲಿದೆ ಎಂಬುದು ಚಿತ್ರ ಹಾಕುವವರಿಗೆ ಹಾಕುವ ಮುನ್ನ ತಿಳಿಯುವುದಿಲ್ಲ, ಅಳಿಸಿದ ಮೇಲೂ ಎಷ್ಟೋ ಸಲ ತಿಳಿಯುವುದಿಲ್ಲ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಂಥ ಪ್ರದರ್ಶನಾಂಗಣ ಕೈಯಳತೆಯಲ್ಲಿಲ್ಲದ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಂಥ ಊರುಗಳ ಚಿತ್ರಕಾರರಿಗೂ ಛಾಯಾಗ್ರಾಹಕರಿಗೂ ಮೊಬೈಲಿನ ಪರದೆಯೇ ಗ್ಯಾಲರಿಯಾಗಿರುವುದರಿಂದ, ನಿಯಮದ ಈ ಮಸುಕು ಅವರನ್ನು ಮಹಾನಗರದವರಿಗಿಂತ ಹೆಚ್ಚು ಕಾಡುತ್ತದೆ.

ಹಾವೇರಿ ಸೀಮೆಯಲ್ಲಿ ಅತಿ ಹೆಚ್ಚು ಚಿತ್ರಗಳಿಗೆ ವಸ್ತುವಾಗಿರುವ ಹೋರಿ ಹಬ್ಬವನ್ನೇ ನೋಡಬಹುದು. ದೀಪಾವಳಿಯ ಪಾಡ್ಯದಿಂದ ಶುರುವಾಗಿ ವಾರಗಟ್ಟಲೆ ಊರಿಂದೂರಿಗೆ ನಡೆಯುವ ಈ ಹೋರಿ ಬೆದರಿಸುವ ಸ್ಪರ್ಧೆಯಲ್ಲಿ ಕೋಡಿಗೆ ಎತ್ತರದ ಪೀಪಿ ಕಟ್ಟಿ, ಬಲೂನು ತೂಗಿಬಿಟ್ಟು, ಮೈಮೇಲೆ ಝೂಲ ಹೊದಿಸಿ, ಕೊರಳಿಗೆ ಕೊಬ್ಬರಿ ಸರ ಹಾಕಿ ಅಖಾಡಕ್ಕೆ ಬಿಟ್ಟ ಹೋರಿಯು ಜನರ ನಡುವೆ ನುಗ್ಗಿ ಓಡುತ್ತದೆ. ಗಂಡಾಳುಗಳು ಅದರ ಕೊಬ್ಬರಿಗೆ ಕೈ ಹಾಕುತ್ತಾರೆ. ಕೊಬ್ಬರಿ ಬಿಟ್ಟುಕೊಡದೆ ಪಾರಾದ ಹೋರಿಗೆ ಹೆಸರು, ಅಭಿಮಾನಿ ಬಳಗ, ಫ್ಲೆಕ್ಸು ಎಲ್ಲವೂ ಬರುತ್ತವೆ. ಛಾಯಾಗ್ರಾಹಕನೊಬ್ಬ ಆ ನುಗ್ಗುವಿಕೆಯ ಕ್ಷಣವನ್ನೇ, ಪೀಪಿ ಹಿಂದಕ್ಕೆ ವಾಲಿ, ಕೊಬ್ಬರಿ ಸರ ಹರಿದು, ಧೂಳಿನಲ್ಲಿ ಮೂರು ಕೈಗಳು ಚಾಚಿಕೊಂಡಿರುವ ಕ್ಷಣವನ್ನೇ ಹಿಡಿದನೆಂದರೆ, ಆ ಚಿತ್ರ ಯಾವ ವರ್ಗಕ್ಕೆ ಸೇರಬೇಕು? ಯೂಟ್ಯೂಬಿನ ನಿಯಮವು ಪ್ರಾಣಿಗಳನ್ನು ಬಲವಂತವಾಗಿ ಕಾದಾಡಿಸುವ ದೃಶ್ಯಗಳನ್ನು ನಿಷೇಧಿಸುವುದರ ಜೊತೆಗೆ, ಸಾಂಪ್ರದಾಯಿಕ ಅಥವಾ ರೂಢಿಯ ಉದ್ದೇಶಗಳ ಹೊರಗೆ ಪ್ರಾಣಿಗಳಿಗೆ ಯಾತನೆ ಕೊಡುವುದನ್ನೂ ಬೇಡವೆನ್ನುತ್ತದೆ. ಆದರೆ ಉದಾಹರಣೆಯೆಂದು ಅದು ಹೆಸರಿಸುವುದು ಬೇಟೆ ಮತ್ತು ಆಹಾರ ತಯಾರಿಕೆಯನ್ನು. ಬ್ಯಾಡಗಿಯ ಹೊಲದಂಚಿನ ಅಖಾಡವು ಯಾರ ಲೆಕ್ಕದಲ್ಲಿ ಸಾಂಪ್ರದಾಯಿಕ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ. ಇದೇನೂ ಸುಲಭದ ಪ್ರಶ್ನೆಯಲ್ಲ ಎಂಬುದನ್ನೂ ಒಪ್ಪಬೇಕು, ಏಕೆಂದರೆ ಈ ಸ್ಪರ್ಧೆಗಳಲ್ಲಿ ಜನ ಗಾಯಗೊಂಡಿದ್ದಾರೆ, ಸತ್ತಿದ್ದಾರೆ; ಹೋರಿಗಳ ಪಾಡಿನ ಬಗ್ಗೆ ಪ್ರಾಣಿದಯಾ ಸಂಘಟನೆಗಳ ಆಕ್ಷೇಪಕ್ಕೂ ಹುರುಳಿದೆ. 2014ರ ಮೇ 7ರಂದು ಜಲ್ಲಿಕಟ್ಟನ್ನು ನಿಷೇಧಿಸಿದ್ದ ಸುಪ್ರೀಂ ಕೋರ್ಟ್, ಆನಂತರ ರಾಜ್ಯಗಳು ತಂದ ತಿದ್ದುಪಡಿಗಳನ್ನು 2023ರ ಮೇ 18ರಂದು ಐದು ನ್ಯಾಯಮೂರ್ತಿಗಳ ಪೀಠದ ಮೂಲಕ ಎತ್ತಿಹಿಡಿಯಿತು. ಕಂಬಳವನ್ನು ಒಳಗೊಂಡ ಕರ್ನಾಟಕದ ತಿದ್ದುಪಡಿಯೂ ಅವುಗಳಲ್ಲೊಂದು. ನ್ಯಾಯಾಲಯವು ಒಂಬತ್ತು ವರ್ಷ ತೂಗಿನೋಡಿದ ಇಂಥದೇ ಪ್ರಶ್ನೆಯನ್ನು ಜಾಲತಾಣದ ಯಂತ್ರ ರೆಪ್ಪೆ ಬಡಿಯುವುದರೊಳಗೆ ತೀರ್ಮಾನಿಸುತ್ತದೆ, ಮತ್ತು ಕಾರಣ ಬರೆದಿಡುವುದಿಲ್ಲ.

ನಗ್ನತೆಯ ವಿಷಯದಲ್ಲಿ ಗೊಂದಲ ಇನ್ನೂ ಹಳೆಯದು. ಹಾವೇರಿ ಜಿಲ್ಲೆಯ ಗಡಿಗೆ ತಾಗಿದ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ತ್ರಿಪುರಾಂತಕ ದೇವಾಲಯದ ಹೊರಭಾಗದ ಕಿರುಪಟ್ಟಿಕೆಗಳಲ್ಲಿ ಮಿಥುನ ಶಿಲ್ಪಗಳಿವೆ. ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿ ತಲೆಯ ಜಾಗದಲ್ಲಿ ಕಮಲ ಹೊತ್ತ, ಕಾಲಗಲಿಸಿ ಕುಳಿತ ಲಜ್ಜಾಗೌರಿಯಿದ್ದಾಳೆ. ಶ್ರವಣಬೆಳಗೊಳದ ಬಾಹುಬಲಿ ಹತ್ತನೆಯ ಶತಮಾನದಿಂದ ಬಟಾಬಯಲಲ್ಲಿ ದಿಗಂಬರನಾಗಿ ನಿಂತಿದ್ದಾನೆ. ಇವನ್ನು ನೋಡಿಕೊಂಡೇ ಬೆಳೆದ ಕಣ್ಣಿಗೆ ನಗ್ನತೆ ಮತ್ತು ಅಶ್ಲೀಲತೆ ಬೇರೆಬೇರೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚರ್ಮದ ಬಣ್ಣ, ಆಕಾರ, ಅಂಗಗಳ ಅನುಪಾತವನ್ನು ಎಣಿಸುವ ಯಂತ್ರಕ್ಕೆ ಹೇಳಲೇಬೇಕಾಗುತ್ತದೆ. ಸುಮಾರು 30,000 ವರ್ಷ ಹಳೆಯ, ಬರೀ 11 ಸೆಂ.ಮೀ. ಎತ್ತರದ ‘ವಿಲೆಂಡಾರ್ಫಿನ ವೀನಸ್’ ಎಂಬ ಕಲ್ಲಿನ ಪ್ರತಿಮೆಯ ಚಿತ್ರವನ್ನು 2017ರ ಕೊನೆಯಲ್ಲಿ ಫೇಸ್‌ಬುಕ್ ಅಶ್ಲೀಲವೆಂದು ತೆಗೆದುಹಾಕಿದಾಗ, ಅದನ್ನು ಕಾಪಾಡಿಕೊಂಡು ಬಂದಿರುವ ವಿಯೆನ್ನಾದ ವಸ್ತುಸಂಗ್ರಹಾಲಯ ಬಹಿರಂಗವಾಗಿ ಪ್ರತಿಭಟಿಸಬೇಕಾಯಿತು. ಫ್ರಾನ್ಸಿನ ಶಿಕ್ಷಕರೊಬ್ಬರು ಚಿತ್ರಕಾರ ಕೂರ್ಬೆಯ 1866ರ ನಗ್ನಚಿತ್ರವನ್ನು ಹಂಚಿಕೊಂಡು 2011ರಲ್ಲಿ ಫೇಸ್‌ಬುಕ್ ಖಾತೆ ಕಳೆದುಕೊಂಡರು. 2018ರಲ್ಲಿ ಪ್ಯಾರಿಸಿನ ನ್ಯಾಯಾಲಯ ಕಂಪನಿಯದು ತಪ್ಪೆಂದು ಹೇಳಿತಾದರೂ ಪರಿಹಾರವನ್ನೇನೂ ಕೊಡಿಸಲಿಲ್ಲ. ಟಂಬ್ಲರ್ ತಾಣವು 2018ರ ಡಿಸೆಂಬರ್ 17ರಿಂದ ವಯಸ್ಕರ ವಿಷಯಗಳನ್ನು ನಿಷೇಧಿಸಿದಾಗ ಶಿಲ್ಪ, ರೇಖಾಚಿತ್ರಗಳಿಗೆ ವಿನಾಯಿತಿ ಇದೆಯೆಂದು ಸಾರಿತ್ತು, ಆದರೂ ಅದರ ಯಂತ್ರ ನಿರುಪದ್ರವಿ ಚಿತ್ರಗಳಿಗೂ ಕೆಂಪು ಗುರುತು ಹಾಕುತ್ತ ಹೋಯಿತು. ಕಲಾವಿದರಿಗೆಂದೇ 2000ದಲ್ಲಿ ಆರಂಭವಾದ ಡೀವಿಯಂಟ್‌ಆರ್ಟ್ ಕೂಡ ಕಲಾತ್ಮಕ ನಗ್ನತೆಗೆ ಅವಕಾಶವಿದೆ, ಅಶ್ಲೀಲ ಚಿತ್ರಣಕ್ಕೆ ಇಲ್ಲ ಎಂಬ ಭೇದವನ್ನೇ ನೆಚ್ಚಿಕೊಂಡು ಬಂದಿದೆ. ಭೇದವೇನೋ ಸರಿಯೇ, ಆದರೆ ಗೆರೆ ಎಳೆಯುವವರ ಕೈ ಪ್ರತಿದಿನ ಬದಲಾಗುವಾಗ ಅದು ಬಾಳುವುದು ಕಷ್ಟ.

ಯಂತ್ರದ ಎಡವಟ್ಟು ಕೆಲವೊಮ್ಮೆ ನಗೆಯನ್ನೂ ತರಿಸುತ್ತದೆ. ಕೆನಡಾದ ಬೀಜ ಮಾರಾಟದ ಅಂಗಡಿಯೊಂದು 2020ರಲ್ಲಿ ಬುಟ್ಟಿಯಲ್ಲಿಟ್ಟ ಈರುಳ್ಳಿಯ ಚಿತ್ರವನ್ನು ಫೇಸ್‌ಬುಕ್ಕಿಗೆ ಜಾಹೀರಾತಾಗಿ ಕೊಟ್ಟಾಗ, ಅದು ಕಾಮಪ್ರಚೋದಕವೆಂದು ತಿರಸ್ಕೃತವಾಗಿತ್ತು. ಗುಂಡಗಿನ ಆಕಾರವೇ ಈರುಳ್ಳಿಯ ಅಪರಾಧ. ಬೀಜೋತ್ಪಾದನೆಗೆ ಹೆಸರಾದ, ಈರುಳ್ಳಿಯನ್ನೂ ಬೆಳೆಯುವ ರಾಣೆಬೆನ್ನೂರಿನವರು ಈ ಸುದ್ದಿಯನ್ನು ಓದಿ ನಗಬಹುದು, ಆದರೆ ಕಂಪನಿ ತಪ್ಪೊಪ್ಪಿಕೊಂಡದ್ದು ಸುದ್ದಿ ಜಗತ್ತೆಲ್ಲ ಹರಡಿದ ಮೇಲೆ ಎಂಬುದನ್ನು ಮರೆಯುವಂತಿಲ್ಲ.

ಕಲೆಯನ್ನು ಮಸುಕು ಮಾತಿನಿಂದ ಆಳುವ ಪದ್ಧತಿ ಜಾಲತಾಣಗಳು ಹುಟ್ಟುಹಾಕಿದ್ದೇನಲ್ಲ. 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಧಾರವಾಡ ಜಿಲ್ಲೆಯ ಭಾಗವಾಗಿದ್ದ, 1956ರವರೆಗೆ ಮುಂಬಯಿ ಆಡಳಿತದ ಕೆಳಗಿದ್ದ ಹಾವೇರಿ ಸೀಮೆಯ ಮೇಲೂ 1876ರ ನಾಟಕ ಪ್ರದರ್ಶನ ಕಾಯ್ದೆಯ ನೆರಳಿತ್ತು. ಬಂಗಾಳದಲ್ಲಿ ಸರ್ಕಾರವನ್ನೂ ಗಣ್ಯರನ್ನೂ ಲೇವಡಿ ಮಾಡುವ ನಾಟಕಗಳು ಹೆಚ್ಚಿದಾಗ ಬ್ರಿಟಿಷರು ತಂದ ಆ ಕಾಯ್ದೆಯು ಮಾನಹಾನಿಕರ, ಸರ್ಕಾರದ ಮೇಲೆ ಅಪ್ರೀತಿ ಹುಟ್ಟಿಸಬಲ್ಲ ಅಥವಾ ನೋಡುವವರ ಶೀಲ ಕೆಡಿಸಬಲ್ಲ ಯಾವ ಪ್ರದರ್ಶನವನ್ನಾದರೂ ತಡೆಯುವ ಅಧಿಕಾರವನ್ನು ಆಡಳಿತಕ್ಕೆ ಕೊಟ್ಟಿತ್ತು. ಶೀಲ ಕೆಡುವುದೆಂದರೇನು ಎಂದು ಅದು ಹೇಳಲಿಲ್ಲ. ಹೇಳದೆ ಇದ್ದುದೇ ಅದರ ಬಲವಾಗಿತ್ತು. ದೊಡ್ಡಾಟ, ಸಣ್ಣಾಟ, ಕಂಪನಿ ನಾಟಕಗಳ ಈ ನಾಡಿನಲ್ಲಿ, ಬಾಯಿಮಾತಿನಲ್ಲಿ ಹುಟ್ಟಿ ರಾತ್ರಿಯಿಡೀ ಬೆಳೆಯುವ ಸಣ್ಣಾಟದ ಸಂಭಾಷಣೆಯನ್ನು ಮುಂಚಿತವಾಗಿ ಬರೆದು ತೋರಿಸುವುದೇ ಅಸಾಧ್ಯವಾಗಿದ್ದಾಗ, ಅಂಥ ಕಾನೂನಿನ ಕೆಳಗೆ ಯಾವ ಮಾತು ಆಡಬಹುದು ಎಂಬುದು ಅಧಿಕಾರಿಯ ಮರ್ಜಿಗೇ ಬಿಟ್ಟ ವಿಷಯವಾಗುತ್ತದೆ. ಸ್ವಾತಂತ್ರ್ಯ ಬಂದು ಎಪ್ಪತ್ತು ವರ್ಷ ಕಳೆದ ಮೇಲೆ, 2018ರ ಆರಂಭದಲ್ಲಿ, ಬಳಕೆ ತಪ್ಪಿದ ಕಾನೂನುಗಳ ರಾಶಿಯೊಂದಿಗೆ ಇದನ್ನೂ ಕೇಂದ್ರ ಸರ್ಕಾರ ರದ್ದುಗೊಳಿಸಿತು.

ಕಾನೂನಿನ ಮಾತು ಮಸುಕಾಗಿದ್ದರೆ ಅದು ಸಂವಿಧಾನದ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಖಚಿತವಾಗಿ ಅನ್ವಯಿಸಿತು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮಿನಲ್ಲಿದ್ದ, ತೀವ್ರ ಆಕ್ಷೇಪಾರ್ಹ, ಕಿರಿಕಿರಿ, ಅನನುಕೂಲ ಎಂಬರ್ಥದ ಪದಗಳಿಗೆ ಹೊರಗೆರೆಯೇ ಇಲ್ಲದ ಕಾರಣ, ಇಡೀ ಕಲಮನ್ನೇ ಅದು ತಳ್ಳಿಹಾಕಿತು. ಇಂಥ ಮಾತುಗಳಿಂದ ಆಗುವ ಕೇಡನ್ನು ಕಾನೂನಿನ ವಿದ್ವಾಂಸರು ‘ಭೀತಿಯ ಪರಿಣಾಮ’ ಎಂದು ವಿವರಿಸುತ್ತಾರೆ. ಶಿಕ್ಷೆಯಾಗುವುದು ಒಬ್ಬಿಬ್ಬರಿಗಾದರೂ ಗಡಿ ತಿಳಿಯದ ಉಳಿದವರೆಲ್ಲ ಗಡಿಯಿಂದ ಬಹುದೂರದಲ್ಲೇ ಕುಂಚ ಕೆಳಗಿಡುತ್ತಾರೆ. ತಾಯಿಯೊಬ್ಬಳ ಮೈಮೇಲೆ ಮಕ್ಕಳು ಚಿತ್ರ ಬರೆದ ವಿಡಿಯೊ ಪ್ರಕರಣದಲ್ಲಿ ಕೇರಳ ಹೈಕೋರ್ಟ್ 2023ರ ಜೂನ್‌ನಲ್ಲಿ, ನಗ್ನತೆ ಮತ್ತು ಅಶ್ಲೀಲತೆ ಯಾವಾಗಲೂ ಒಂದೇ ಅಲ್ಲವೆನ್ನುತ್ತ ದೇವಾಲಯದ ಶಿಲ್ಪಗಳನ್ನು ನೆನೆಯಿತು, ಚಿತ್ರಕಾರರಾದ ಎಫ್.ಎನ್. ಸೋಜಾ ಮತ್ತು ಅಕ್ಬರ್ ಪದಮ್‌ಸೀ ಅವರ ಕೃತಿಗಳನ್ನು ಅಶ್ಲೀಲವೆಂದು ವಶಪಡಿಸಿಕೊಂಡಿದ್ದ ಸುಂಕದ ಅಧಿಕಾರಿಗಳ ಆದೇಶವನ್ನು ಬಾಂಬೆ ಹೈಕೋರ್ಟ್ 2024ರ ಅಕ್ಟೋಬರ್‌ನಲ್ಲಿ ರದ್ದು ಮಾಡಿತು. ಸರ್ಕಾರಗಳು ಇದರಿಂದ ಪೂರ್ತಿ ಪಾಠ ಕಲಿತಿವೆಯೆಂದು ಹೇಳುವಂತಿಲ್ಲ. 2025ರ ಜೂನ್‌ನಲ್ಲಿ ಚರ್ಚೆಗೆ ಬಂದ ಕರ್ನಾಟಕದ ಸುಳ್ಳು ಸುದ್ದಿ ತಡೆ ಮಸೂದೆಯ ಕರಡು ಟೀಕೆಗೆ ಗುರಿಯಾದದ್ದು ಮುಖ್ಯವಾಗಿ ಅದರ ವ್ಯಾಖ್ಯೆಗಳ ಅಗಲದಿಂದಾಗಿಯೇ.

ಖಾಸಗಿ ಕಂಪನಿಯ ನಿಯಮಗಳಿಗೆ ಈ ತತ್ವ ನೇರವಾಗಿ ತಗಲುವುದಿಲ್ಲ. ಬಳಕೆದಾರ ‘ಒಪ್ಪಿಗೆ’ ಒತ್ತಿದ ಕರಾರು ಅದಾಗಿದ್ದು, ಕಂಪನಿಗೆ ಮಸುಕಾದ ಮಾತು ಅನುಕೂಲಕರವೂ ಹೌದು: ನಿಯಮವನ್ನು ಬಿಡಿಸಿ ಬರೆದಷ್ಟೂ ಕಿಡಿಗೇಡಿಗಳು ಅದರ ಸಂದು ಹುಡುಕುತ್ತಾರೆ ಎಂಬ ಅದರ ವಾದದಲ್ಲಿ ಸತ್ಯಾಂಶವಿದೆ, ಮತ್ತು ಭಾರತದಲ್ಲಿ ಬಳಕೆದಾರರ ವಿಷಯಕ್ಕೆ ತಾನು ಹೊಣೆಯಾಗದಂತೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೆಯ ಕಲಮು ಕೊಡುವ ರಕ್ಷಣೆ ಕಳೆದುಹೋದೀತೆಂಬ ಅಂಜಿಕೆಯೂ ಅದಕ್ಕಿದೆ. ಹೀಗಾಗಿ ‘ಅಸಭ್ಯ’ದಂಥ ಅಗಲ ಮಾತನ್ನು ನಿಯಮದಿಂದ ಪೂರ್ತಿ ಕಿತ್ತೆಸೆಯಬೇಕೆಂಬ ಬೇಡಿಕೆ ಅವಾಸ್ತವಿಕ. ನ್ಯಾಯಾಲಯಗಳೂ ಅಗಲ ಮಾತುಗಳನ್ನು ಬಳಸುತ್ತವೆ, ಆದರೆ ಪ್ರತಿ ತೀರ್ಪಿನ ಕಾರಣವನ್ನು ಬರೆದು ಪ್ರಕಟಿಸುವುದರಿಂದ ಮಾತಿನ ಅರ್ಥ ಪ್ರಕರಣದಿಂದ ಪ್ರಕರಣಕ್ಕೆ ಗಟ್ಟಿಯಾಗುತ್ತ ಬರುತ್ತದೆ. ಜಾಲತಾಣಗಳಲ್ಲಿ ದಿನಕ್ಕೆ ಲಕ್ಷಾಂತರ ತೀರ್ಮಾನಗಳು ನಡೆದರೂ ಅವುಗಳಲ್ಲಿ ಪೂರ್ವನಿದರ್ಶನವಾಗಿ ಉಳಿಯುವಂಥವು ತೀರಾ ಕಡಿಮೆ. ಕೊರತೆ ಇರುವುದು ಇಲ್ಲಿ. ಫೇಸ್‌ಬುಕ್ ಕಟ್ಟಿಕೊಂಡ ಮೇಲ್ವಿಚಾರಣಾ ಮಂಡಳಿ 2021ರ ಜನವರಿಯಲ್ಲಿ ಹೊರಡಿಸಿದ ಮೊದಲ ತೀರ್ಮಾನಗಳಲ್ಲಿ ಒಂದು, ಬ್ರೆಜಿಲಿನ ಸ್ತನ ಕ್ಯಾನ್ಸರ್ ಜಾಗೃತಿಯ ಚಿತ್ರಗಳನ್ನು ಯಂತ್ರ ಅಳಿಸಿದ ಪ್ರಕರಣಕ್ಕೆ ಸಂಬಂಧಿಸಿತ್ತು. ಮನುಷ್ಯರ ಮೇಲುಸ್ತುವಾರಿಯಿಲ್ಲದೆ ಯಂತ್ರವನ್ನು ಬಿಟ್ಟುಬಿಟ್ಟದ್ದನ್ನು ಮಂಡಳಿ ಟೀಕಿಸಿತು. ಒಂದೊಂದು ಪ್ರಕರಣವನ್ನು ಹೀಗೆ ಕಾರಣಸಹಿತ ಬರೆದಾಗಲೇ ಮುಂದಿನವರಿಗೆ ಗೆರೆ ಕಾಣುವುದು.

ಭಾರತದ 2021ರ ಮಾಹಿತಿ ತಂತ್ರಜ್ಞಾನ ನಿಯಮಾವಳಿಯು ಈ ದಿಕ್ಕಿನಲ್ಲಿ ಕೆಲವು ಹಕ್ಕುಗಳನ್ನು ಕೊಟ್ಟಿದ್ದು, ಹಾವೇರಿಯ ಕಲಾವಿದರಿಗೆ ಅವುಗಳ ಪರಿಚಯ ಇರುವುದು ಒಳ್ಳೆಯದು. ಪ್ರತಿ ತಾಣವೂ ದೂರು ಪರಿಹಾರ ಅಧಿಕಾರಿಯನ್ನು ನೇಮಿಸಿ, ದೂರು ಬಂದ 24 ಗಂಟೆಗಳಲ್ಲಿ ಸ್ವೀಕೃತಿ ತಿಳಿಸಿ, 15 ದಿನಗಳಲ್ಲಿ ಅದನ್ನು ಇತ್ಯರ್ಥಪಡಿಸಬೇಕೆಂದು ನಿಯಮಾವಳಿ ಹೇಳಿತು. 2022ರ ಅಕ್ಟೋಬರ್ ತಿದ್ದುಪಡಿಯ ಪ್ರಕಾರ ತಾಣದ ನಿಯಮಗಳನ್ನು ಬಳಕೆದಾರನ ಆಯ್ಕೆಯಂತೆ ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಒದಗಿಸಬೇಕು. ಕನ್ನಡ ಆ ಅನುಸೂಚಿಯಲ್ಲಿದೆ. ಸಂವಿಧಾನದ 14, 19 ಮತ್ತು 21ನೆಯ ವಿಧಿಗಳು ನಾಗರಿಕರಿಗೆ ಕೊಟ್ಟ ಹಕ್ಕುಗಳನ್ನು ತಾಣಗಳು ಗೌರವಿಸಬೇಕೆಂಬ ಮಾತನ್ನೂ ಅದೇ ತಿದ್ದುಪಡಿ ಸೇರಿಸಿತು. ಅಧಿಕಾರಿಯ ತೀರ್ಮಾನ ಒಪ್ಪಿಗೆಯಾಗದವರು 30 ದಿನಗಳೊಳಗೆ ಕೇಂದ್ರ ಸರ್ಕಾರ 2023ರಲ್ಲಿ ರಚಿಸಿದ ದೂರು ಮೇಲ್ಮನವಿ ಸಮಿತಿಗೆ ಆನ್‌ಲೈನ್ ಮೂಲಕವೇ ಮೊರೆ ಹೋಗಬಹುದು. ಚಿತ್ರದ ಮೂಲ ಕಡತ, ಹಾಕಿದ ದಿನಾಂಕ, ತಾಣದಿಂದ ಬಂದ ಸೂಚನೆಯ ಸ್ಕ್ರೀನ್‌ಶಾಟ್, ಜೊತೆಗೆ ಇದು ಹೋರಿ ಹಬ್ಬದ ಚಿತ್ರ ಅಥವಾ ದೇವಾಲಯದ ಶಿಲ್ಪದ ಚಿತ್ರ ಎಂದು ವಿವರಿಸುವ ನಾಲ್ಕು ಸಾಲು ಕೈಯಲ್ಲಿದ್ದರೆ ಮೇಲ್ಮನವಿಗೆ ಹೆಚ್ಚಿನ ತಯಾರಿ ಬೇಡ.

ನಿಯಮಾವಳಿಯ ತೂತೊಂದು ಮಾತ್ರ ಕಲಾವಿದರ ಪಾಲಿಗೆ ದೊಡ್ಡದು. ತಾನಾಗಿಯೇ ಒಂದು ವಿಷಯವನ್ನು ತೆಗೆಯುವ ಮುನ್ನ ಹಾಕಿದವರಿಗೆ ಕಾರಣ ತಿಳಿಸಿ, ಅದನ್ನು ಪ್ರಶ್ನಿಸಲು ಅವಕಾಶ ಕೊಡಬೇಕೆಂಬ ಕರ್ತವ್ಯ ಇರುವುದು ಭಾರತದಲ್ಲಿ 50 ಲಕ್ಷ ನೋಂದಾಯಿತ ಬಳಕೆದಾರರ ಮಿತಿ ದಾಟಿದ ದೊಡ್ಡ ತಾಣಗಳಿಗೆ ಮಾತ್ರ. ಚಿತ್ರಕಾರರಿಗೆಂದೇ ಇರುವ ಸಣ್ಣ ತಾಣಗಳು, ನಗ್ನತೆ, ಹಿಂಸೆ, ವ್ಯಂಗ್ಯದ ಸೂಕ್ಷ್ಮಗಳು ದಿನವೂ ಎದುರಾಗುವ ತಾಣಗಳು, ಆ ಮಿತಿಯ ಕೆಳಗಿದ್ದರೆ ಮೊದಲು ಅಳಿಸಿ ಆಮೇಲೆ ಮಾತಾಡಬಹುದು. ಕಾರಣ ಕೇಳುವ ಕೆಲಸ ಚಿತ್ರ ಕಳೆದುಕೊಂಡವರ ಹೆಗಲಿಗೇ ಬೀಳುತ್ತದೆ.