ಬಿಯರ್ ತಯಾರಿಕೆಯ ಮೂಲ ಮತ್ತು ಲೆಕ್ಕಪತ್ರದ ಮಹತ್ವ

ಲೆಕ್ಕಪತ್ರವೆಂಬುದು ತೆರಿಗೆ ಅಧಿಕಾರಿಗಳಿಗಾಗಿ ಹೊರಬೇಕಾದ ಹೊರೆ ಎಂಬ ಭಾವನೆ ವ್ಯಾಪಾರಿ ಬಾಂಧವರಲ್ಲಿ ಸಾಮಾನ್ಯ. ಆದರೆ ಮಾನವನು ಬರೆಯಲು ಕಲಿತ ಆರಂಭಕಾಲದಲ್ಲಿಯೇ ಲೆಕ್ಕವಿಟ್ಟ ಸರಕುಗಳಲ್ಲಿ ಬಿಯರ್ ಕೂಡ ಒಂದು. ಈ ಪಾನೀಯದ ಗುಣದೋಷಗಳ ವಿಮರ್ಶೆ ಇಲ್ಲಿ ಅಪ್ರಸ್ತುತ. ಅದರ ಪ್ರಾಚೀನ ಇತಿಹಾಸವು ಉದ್ಯಮಿಗಳಿಗೆ ಕಲಿಸುವ ಪಾಠವಷ್ಟೇ ಈ ಲೇಖನದ ಉದ್ದೇಶ.

ಬಿಯರ್‌ನ ಮುಖ್ಯ ಕಚ್ಚಾವಸ್ತು ಬಾರ್ಲಿ, ಅಂದರೆ ಜವೆಗೋಧಿ. ಇದನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್ ದೊರೆಯುತ್ತದೆ. ಮಾಲ್ಟನ್ನು ಬಿಸಿನೀರಿನಲ್ಲಿ ಕಲಸಿದಾಗ ಅದರಲ್ಲಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಪರಿವರ್ತಿಸುತ್ತವೆ. ಅನಂತರ ಯೀಸ್ಟ್ ಆ ಸಕ್ಕರೆಯನ್ನು ಮದ್ಯಸಾರವಾಗಿಸುತ್ತದೆ.

ಇಸ್ರೇಲಿನ ಹೈಫಾ ಸಮೀಪದ ರಾಕೆಫೆತ್ ಗುಹೆಯ ಕಲ್ಲೊರಳುಗಳಲ್ಲಿ ಸುಮಾರು 13,000 ವರ್ಷ ಹಿಂದಿನ, ಹುದುಗಿಸಿದ ಧಾನ್ಯದ ಕುರುಹುಗಳಿವೆಯೆಂದು 2018ರಲ್ಲಿ ಸಂಶೋಧಕರು ವರದಿ ಮಾಡಿದರು. ಇದು ವ್ಯವಸಾಯ ಆರಂಭವಾಗುವುದಕ್ಕೂ ಹಿಂದಿನ ಕಾಲ. ಇರಾನಿನ ಗೋದಿನ್ ತೆಪೆಯಲ್ಲಿ ದೊರೆತ, 5,000 ವರ್ಷಗಳಿಗೂ ಹಳೆಯದಾದ ಮಡಕೆಯೊಂದರಲ್ಲಿ ಬಿಯರ್ ತಳಕಟ್ಟಿದ ಅವಶೇಷ ಪತ್ತೆಯಾಗಿದೆ.

ಮನೆಯ ಕಸುಬು ಉದ್ಯಮವಾಗಿ ಬೆಳೆದಂತೆ ಲೆಕ್ಕ ಅನಿವಾರ್ಯವಾಯಿತು. ಇಂದಿನ ಇರಾಕಿನಲ್ಲಿದ್ದ ಉರುಕ್ ನಗರದ ಕಾಲದ, ಸುಮಾರು ಕ್ರಿ.ಪೂ. 3000ರ ಜೇಡಿಮಣ್ಣಿನ ಫಲಕಗಳಲ್ಲಿ ಮಾಲ್ಟ್ ಮತ್ತು ಬಾರ್ಲಿ ನುಚ್ಚಿನ ಪ್ರಮಾಣಗಳನ್ನು ನಮೂದಿಸಲಾಗಿದೆ. ಪ್ರಸಿದ್ಧವಾದ ಒಂದು ಫಲಕದಲ್ಲಿ 37 ತಿಂಗಳ ಅವಧಿಯ 29,086 ಅಳತೆ ಬಾರ್ಲಿಯ ಲೆಕ್ಕವಿದ್ದು, 'ಕುಶಿಮ್' ಎಂಬ ಹೆಸರಿದೆ. ಅದು ವ್ಯಕ್ತಿಯ ಹೆಸರೋ ಹುದ್ದೆಯ ಹೆಸರೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಏನೇ ಇರಲಿ, ದಾಸ್ತಾನಿಗೆ ಹೊಣೆಗಾರರು ಯಾರೆಂಬುದು ಅಂದೇ ದಾಖಲಾಗಿತ್ತು.

ಈಜಿಪ್ಟಿನ ಅಬಿದೋಸ್‌ನಲ್ಲಿ ಸುಮಾರು 5,000 ವರ್ಷ ಹಿಂದಿನ ಬೃಹತ್ ಬಿಯರ್ ತಯಾರಿಕಾ ಕೇಂದ್ರವೊಂದರ ಉತ್ಖನನದ ವಿವರಗಳು 2021ರಲ್ಲಿ ಪ್ರಕಟವಾದವು. ಅದರ ಎಂಟು ವಿಭಾಗಗಳಲ್ಲಿ ತಲಾ 40ರಷ್ಟು ಮಣ್ಣಿನ ಹಂಡೆಗಳು ಸಾಲಾಗಿದ್ದು, ಒಮ್ಮೆಗೆ ಸುಮಾರು 22,400 ಲೀಟರ್ ತಯಾರಿಸಬಹುದಾಗಿತ್ತೆಂದು ಅಂದಾಜಿಸಲಾಗಿದೆ.

ಉತ್ಪಾದನೆಯ ನಂತರ ಮಾರಾಟದ ನಿಯಮಗಳೂ ಬಂದವು. ಕ್ರಿ.ಪೂ. 18ನೇ ಶತಮಾನದಲ್ಲಿ ಬ್ಯಾಬಿಲೋನಿನ ದೊರೆ ಹಮ್ಮುರಬಿಯ ಕಾನೂನು ಪಾನಗೃಹದ ಒಡತಿಯರ ವ್ಯವಹಾರವನ್ನು ನಿಯಂತ್ರಿಸಿತು. ಬಿಯರ್‌ನ ಬೆಲೆಯಾಗಿ ಧಾನ್ಯವನ್ನು ನಿರಾಕರಿಸಿ, ಬೆಳ್ಳಿಯನ್ನೇ ಕೇಳಿ, ಧಾನ್ಯದ ಮೌಲ್ಯಕ್ಕಿಂತ ಕಡಿಮೆ ಬಿಯರ್ ಕೊಟ್ಟವಳನ್ನು ನೀರಿಗೆ ಎಸೆಯಬೇಕೆಂಬ ಕಠೋರ ಶಿಕ್ಷೆ ಅದರಲ್ಲಿದೆ. ಒಂದು ಪಾತ್ರೆ ಬಿಯರನ್ನು ಉದ್ದರಿ ಕೊಟ್ಟರೆ ಸುಗ್ಗಿಯಲ್ಲಿ 50 ಸಿಲಾ ಧಾನ್ಯ ಪಡೆಯಬೇಕೆಂದೂ ಗೊತ್ತುಪಡಿಸಲಾಗಿತ್ತು. ಒಂದು ಸಿಲಾ ಎಂದರೆ ಸುಮಾರು ಒಂದು ಲೀಟರ್. ಹೀಗೆ ಸಾಲದ ಮೊತ್ತ, ವಸೂಲಿಯ ಕಾಲ ಎರಡೂ ನಿಶ್ಚಿತವಾಗಿದ್ದವು.

ಇದನ್ನು ಓದುವಾಗ ನನ್ನ ಕಕ್ಷಿದಾರರೊಬ್ಬರ ನೆನಪಾಗುತ್ತದೆ. ಪ್ರಾಮಾಣಿಕ ವರ್ತಕರಾದ ಅವರು ಬಾಯಿಮಾತಿನ ಮೇಲೆಯೇ ಉದ್ದರಿ ಕೊಡುತ್ತಿದ್ದರು. ಅವರು ಹಠಾತ್ತನೆ ತೀರಿಕೊಂಡಾಗ, ಯಾರಿಂದ ಎಷ್ಟು ಬರಬೇಕೆಂಬುದು ಮಕ್ಕಳಿಗೆ ತಿಳಿಯಲಿಲ್ಲ. ಬಾಕಿದಾರರಲ್ಲಿ ಕೆಲವರು ತಾವಾಗಿಯೇ ಬಂದು ಹಣ ಕೊಟ್ಟರು, ಹಲವರು ಬರಲಿಲ್ಲ. ಒಂದೇ ವರ್ಷದಲ್ಲಿ ಅಂಗಡಿ ಮುಚ್ಚಿತು.

ಐದು ಸಾವಿರ ವರ್ಷಗಳ ಹಿಂದೆ ಹಸಿಮಣ್ಣಿನ ಮೇಲೆ ಗೀಚಿದ ಲೆಕ್ಕವನ್ನು ಇಂದಿಗೂ ಓದಬಹುದು. ಕಚ್ಚಾಮಾಲು ಬಂದದ್ದೆಷ್ಟು, ಸರಕು ತಯಾರಾದದ್ದೆಷ್ಟು, ಬಾಕಿ ಯಾರ ಮೇಲೆ ಎಷ್ಟು ಎಂಬ ಮೂರು ಪ್ರಶ್ನೆಗಳಿಗೆ ನಮ್ಮ ಪುಸ್ತಕಗಳೂ ಪ್ರತಿದಿನ ಉತ್ತರ ಹೇಳುವಂತಿರಲಿ. ಅದು ತೆರಿಗೆ ಇಲಾಖೆಗಿಂತ ಮೊದಲು ನಮ್ಮ ಕುಟುಂಬದ ರಕ್ಷಣೆಗೆ ಅಗತ್ಯ.