ಒಂದು ಫೈಲಿಗೆ ಎರಡು ಹೆಸರು

ನಿಮ್ಮ ಪೆನ್‌ಡ್ರೈವ್‌ನಲ್ಲಿರುವ ಹಾಡು, ಫೋಟೊ, ಪತ್ರಗಳಲ್ಲಿ ಬಹುಪಾಲಿಗೆ ಎರಡೆರಡು ಹೆಸರುಗಳಿರುತ್ತವೆ. ಒಂದು ನೀವಿಟ್ಟದ್ದು, ಇನ್ನೊಂದು ನಿಮ್ಮನ್ನು ಕೇಳದೆ ಕಂಪ್ಯೂಟರ್ ಇಟ್ಟದ್ದು. ಎರಡನೆಯದು ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಹಳೆಯ ಮ್ಯೂಸಿಕ್ ಪ್ಲೇಯರ್‌ಗೆ ಪೆನ್‌ಡ್ರೈವ್ ಚುಚ್ಚಿದಾಗ ಅದು ಹೊರಬರುತ್ತದೆ. ಕನ್ನಡದಲ್ಲಿ ಚೆಂದವಾಗಿ ಹೆಸರಿಟ್ಟಿದ್ದ ಹಾಡಿನ ಜಾಗದಲ್ಲಿ ಸಾಲಾಗಿ ಆರು ಅಡಿಗೆರೆ, ಒಂದು ಅಲೆಗೆರೆ, ಒಂದು ಅಂಕಿ. ವೈರಸ್ ಹೊಕ್ಕಿದೆ ಎಂದು ಹೆದರಿ ಎಲ್ಲವನ್ನೂ ಅಳಿಸಿಬಿಡುವವರಿದ್ದಾರೆ. ಏನೂ ಕೆಟ್ಟಿರುವುದಿಲ್ಲ. ಆ ಯಂತ್ರಕ್ಕೆ ಓದಲು ಬರುವುದು ಆ ಹೆಸರೊಂದೇ.

ಫೈಲಿನ ಹೆಸರು ಫೈಲಿನೊಳಗೆ ಇರುವುದಿಲ್ಲ. ಡಿಸ್ಕಿನ ಮೇಲೆ ಬೇರೊಂದು ಪಟ್ಟಿಯಿರುತ್ತದೆ. ಯಾವ ಹೆಸರಿನ ಫೈಲು ಎಲ್ಲಿಂದ ಶುರುವಾಗುತ್ತದೆ, ಎಷ್ಟು ದೊಡ್ಡದು ಎಂಬುದೆಲ್ಲ ದಾಖಲಾಗುವುದು ಅಲ್ಲಿ. ಪೆನ್‌ಡ್ರೈವ್‌ಗಳಲ್ಲಿ ಇಂದಿಗೂ ಹೇರಳವಾಗಿ ಬಳಕೆಯಲ್ಲಿರುವ ಫ್ಯಾಟ್ ವ್ಯವಸ್ಥೆಯಲ್ಲಿ ಈ ಪಟ್ಟಿಯ ಒಂದೊಂದು ಸಾಲಿಗೂ 32 ಬೈಟ್ ಜಾಗ. ಅದರಲ್ಲಿ ಹೆಸರಿಗೆ ಸಿಕ್ಕಿದ್ದು 11 ಬೈಟ್: ಹೆಸರಿಗೆ ಎಂಟು, ಫೈಲಿನ ಬಗೆ ತಿಳಿಸುವ ಬಾಲಕ್ಕೆ ಮೂರು. ನಡುವಿನ ಚುಕ್ಕೆಯನ್ನು ಬರೆದಿಡುವುದೂ ಇಲ್ಲ. ಈ ಎಂಟು-ಮೂರರ ಲೆಕ್ಕ 1970ರ ದಶಕದಲ್ಲಿ ಗ್ಯಾರಿ ಕಿಲ್ಡಾಲ್ ರೂಪಿಸಿದ ಸಿಪಿ/ಎಂ ವ್ಯವಸ್ಥೆಯದು. ಅಲ್ಲಿಂದ ಅದು ಟಿಮ್ ಪ್ಯಾಟರ್ಸನ್ ಬರೆದ ಡಾಸ್‌ಗೂ, 1981ರಲ್ಲಿ ಐಬಿಎಂ ಪಿಸಿಗೂ ಬಂತು. ಆ ಪಿಸಿಯ ಫ್ಲಾಪಿ ಹಿಡಿಸುತ್ತಿದ್ದುದು 160 ಕಿಲೋಬೈಟ್. ಅಷ್ಟು ಇಕ್ಕಟ್ಟಿನಲ್ಲಿ ಹನ್ನೊಂದು ಅಕ್ಷರ ಜಿಪುಣತನವೇನಲ್ಲ.

1990ರ ದಶಕದ ಹೊತ್ತಿಗೆ ಉದ್ದ ಹೆಸರು ಅನಿವಾರ್ಯವಾಯಿತು. ಆದರೆ ಲೋಕದ ತುಂಬ ಡಾಸ್ ಕಂಪ್ಯೂಟರುಗಳು, ಅವುಗಳ ನಡುವೆ ಓಡಾಡುವ ಕೋಟ್ಯಂತರ ಫ್ಲಾಪಿಗಳು. ಪಟ್ಟಿಯ ರೂಪವನ್ನೇ ಬದಲಿಸಿದರೆ ಹೊಸ ಯಂತ್ರದಲ್ಲಿ ಬರೆದ ಫ್ಲಾಪಿಯನ್ನು ಹಳೆಯ ಯಂತ್ರ ಓದಲಾರದು. ವಿಂಡೋಸ್ ಎನ್‌ಟಿ 3.5ರಲ್ಲಿ ಮೊದಲು ಬಂದು, 1995ರ ಆಗಸ್ಟಿನಲ್ಲಿ ವಿಂಡೋಸ್ 95ರೊಂದಿಗೆ ಮನೆಮನೆಗೂ ತಲುಪಿದ ಪರಿಹಾರ, ನನ್ನ ದೃಷ್ಟಿಯಲ್ಲಿ, ಕಂಪ್ಯೂಟರ್ ಇತಿಹಾಸದ ಅತ್ಯಂತ ಜಾಣ ಕುಶಲಗಾರಿಕೆಗಳಲ್ಲಿ ಒಂದು.

ಸಾಲಿನ ಹನ್ನೆರಡನೆಯ ಬೈಟ್ ಫೈಲಿನ ಗುಣ ಹೇಳುತ್ತದೆ: ಬರಿ ಓದಲಿಕ್ಕೆ ಎಂಬುದಕ್ಕೆ 1, ಮರೆಯಲ್ಲಿರಲಿ ಎಂಬುದಕ್ಕೆ 2, ವ್ಯವಸ್ಥೆಯ ಸ್ವತ್ತು ಎಂಬುದಕ್ಕೆ 4, ಇಡೀ ಡಿಸ್ಕಿನ ಹೆಸರು ಎಂಬುದಕ್ಕೆ 8. ಈ ನಾಲ್ಕೂ ಒಂದೇ ಸಾಲಿನಲ್ಲಿ ಸೇರುವುದಕ್ಕೆ ಅರ್ಥವೇ ಇಲ್ಲ. ಅಂಥ ಸಾಲು ಎದುರಾದರೆ ಡಾಸ್ ಅದನ್ನು ದಾಟಿ ಮುಂದೆ ಹೋಗುತ್ತಿತ್ತು. ಎಂಜಿನಿಯರುಗಳು ಹಿಡಿದದ್ದು ಇದನ್ನೇ. ಗುಣದ ಬೈಟಿನಲ್ಲಿ 15 ಎಂದು ಬರೆದರು, ಉಳಿದ ಜಾಗದಲ್ಲಿ ಉದ್ದ ಹೆಸರಿನ ಹದಿಮೂರು ಅಕ್ಷರಗಳನ್ನು ತುಂಬಿದರು. ಹದಿಮೂರೂ ಒಟ್ಟಿಗೆ ಕೂರುವಂತಿರಲಿಲ್ಲ. ಗುಣದ ಬೈಟನ್ನು ಅದರ ಜಾಗದಲ್ಲೇ ಬಿಡಬೇಕು. ಫೈಲು ಶುರುವಾಗುವ ಜಾಗ ಹೇಳುವ 27, 28ನೆಯ ಬೈಟ್‌ಗಳಲ್ಲಿ ಸೊನ್ನೆಯೇ ಇರಬೇಕು, ಇಲ್ಲವಾದರೆ ಹಳೆಯ ತಂತ್ರಾಂಶ ಅಲ್ಲೊಂದು ಫೈಲಿದೆ ಎಂದು ಭ್ರಮಿಸೀತು. ಹಾಗಾಗಿ ಅಕ್ಷರಗಳು ಐದು, ಆರು, ಎರಡು ಎಂದು ಮೂರು ತುಂಡಾಗಿ ಕುಳಿತವು.

ಈ ಗುಪ್ತ ಸಾಲುಗಳ ಬೆನ್ನಿಗೇ ಹಳೆಯ ಬಗೆಯ ಮಾಮೂಲಿ ಸಾಲೊಂದು ಇರುತ್ತದೆ, ಮೊಟಕು ಹೆಸರಿನೊಂದಿಗೆ. ಪ್ರೋಗ್ರಾಂ ಫೈಲ್ಸ್ ಎಂಬ ಫೋಲ್ಡರಿನ ಇಂಗ್ಲಿಷ್ ಹೆಸರಿನ ಮೊದಲ ಆರು ಅಕ್ಷರಕ್ಕೆ ~1 ಅಂಟಿಸಿದ್ದು ಇದರದೇ ಮಾದರಿ. ಗುಪ್ತ ಸಾಲುಗಳಲ್ಲಿ ಈ ಮೊಟಕು ಹೆಸರಿನಿಂದ ಲೆಕ್ಕ ಹಾಕಿದ ಒಂದು ಬೈಟಿನ ಗುರುತೂ ಇದೆ. ಡಾಸ್ ಯಂತ್ರದಲ್ಲಿ ಯಾರಾದರೂ ಫೈಲಿನ ಹೆಸರು ಬದಲಿಸಿದರೆ ಗುರುತು ತಾಳೆಯಾಗದು, ವಿಂಡೋಸ್ ಹಳೆಯ ಉದ್ದ ಹೆಸರನ್ನು ಕೈಬಿಡುತ್ತದೆ. ಎಲ್ಲವೂ ಸುಸೂತ್ರವಾಗಿತ್ತು ಎನ್ನಲಾಗದು. ಹಳೆಯ ಡಿಸ್ಕ್ ದುರಸ್ತಿ ತಂತ್ರಾಂಶಗಳು ಈ ವಿಚಿತ್ರ ಸಾಲುಗಳನ್ನು ಕಸವೆಂದು ಗುಡಿಸಿಹಾಕುತ್ತಿದ್ದವು. ಅದಕ್ಕಾಗಿಯೇ ಉದ್ದ ಹೆಸರುಗಳನ್ನು ಮೊದಲು ತೆಗೆದಿಟ್ಟು, ಆಮೇಲೆ ಮರಳಿಸುವ ಸಲಕರಣೆಯೊಂದನ್ನು ಮೈಕ್ರೋಸಾಫ್ಟ್ ವಿಂಡೋಸ್ 95ರ ಸಿಡಿಯಲ್ಲಿ ಕೊಟ್ಟಿತ್ತು.

ಈಗ ಕನ್ನಡದ ಹೆಸರೊಂದನ್ನು ನೋಡೋಣ. ‘ಜಾನಪದ ಗೀತೆ’ ಎಂಬ ಎಂಪಿ3 ಫೈಲು. ಕಂಪ್ಯೂಟರಿಗೆ ‘ಜಾ’ ಒಂದು ಅಕ್ಷರವಲ್ಲ. ‘ಜ’ ಒಂದು ಸಂಕೇತ, ದೀರ್ಘ ಇನ್ನೊಂದು. ಹೀಗೆ ಎಣಿಸಿದರೆ, ನಡುವಿನ ಖಾಲಿಜಾಗವೂ ಸೇರಿ ಹತ್ತು ಸಂಕೇತ. ಚುಕ್ಕೆ ಮತ್ತು ಬಾಲದ ಮೂರು ಸೇರಿದರೆ ಹದಿನಾಲ್ಕು. ಒಂದು ಗುಪ್ತ ಸಾಲಿಗೆ ಹಿಡಿಸುವುದು ಹದಿಮೂರು, ಆದ್ದರಿಂದ ಕೊನೆಯ 3 ಎಂಬ ಅಂಕಿಯೊಂದಕ್ಕಾಗಿಯೇ ಇನ್ನೊಂದು ಸಾಲು ಬೇಕು. ಮೊಟಕು ಹೆಸರಿನ ಸಾಲೂ ಸೇರಿ ಒಟ್ಟು 96 ಬೈಟ್.

ಮೊಟಕು ಹೆಸರು ಏನಾಗುತ್ತದೆ? ಹಳೆಯ ಅಕ್ಷರಮಾಲೆಯಲ್ಲಿ ಕನ್ನಡವಿಲ್ಲ. ಇಲ್ಲದ ಅಕ್ಷರದ ಬದಲು ಅಡಿಗೆರೆ ಹಾಕಬೇಕೆಂದು ಮೈಕ್ರೋಸಾಫ್ಟ್ ಪ್ರಕಟಿಸಿದ ಫ್ಯಾಟ್ ನಿಯಮ ಹೇಳುತ್ತದೆ. ಅಲ್ಲಿಗೆ ಆರು ಅಡಿಗೆರೆ, ~1. ಮುಂದಿನ ಕನ್ನಡ ಹಾಡು ಆರು ಅಡಿಗೆರೆ, ~2. ಇಂಗ್ಲಿಷ್ ಹೆಸರು ಮೊಟಕಾದರೂ ಗುರುತು ಸಿಗುತ್ತದೆ. ಕನ್ನಡದ ಹೆಸರು ಪೂರ್ತಿ ಅಳಿದುಹೋಗುತ್ತದೆ. ಹಾಗೆಂದು ಕನ್ನಡದ ಹೆಸರನ್ನು ಬಿಡಬೇಕಿಲ್ಲ. ಹೆಸರಿನ ಮೊದಲಿಗೆ 01, 02 ಎಂದು ಇಂಗ್ಲಿಷ್ ಅಂಕಿ ಹಾಕಿದರೆ ಸಾಕು. ಮೊಟಕಾದ ಮೇಲೂ ಅಂಕಿ ಉಳಿಯುತ್ತದೆ, ಹಾಡು ಯಾವುದೆಂದು ಹೇಳಬಹುದು.

ದೊಡ್ಡ ಮೆಮೊರಿ ಕಾರ್ಡುಗಳಲ್ಲಿ ಬಳಸುವ ಎಕ್ಸ್‌ಫ್ಯಾಟ್‌ನಲ್ಲಿ ಮೊಟಕು ಹೆಸರೇ ಇಲ್ಲ. ಆದರೆ ಉದ್ದದ ತಕರಾರು ಬೇರೆ ರೂಪದಲ್ಲಿ ಉಳಿದಿದೆ, ಅದು ನಮಗೇ ಹೆಚ್ಚು ತಟ್ಟುತ್ತದೆ. ವಿಂಡೋಸ್‌ನಲ್ಲಿ ಹೆಸರಿನ ಮಿತಿ 255. ಲಿನಕ್ಸ್‌ನ ಎಕ್ಸ್ಟ್4ನಲ್ಲೂ 255. ಆದರೆ ಅಲ್ಲಿ ಎಣಿಸುವುದು ಸಂಕೇತಗಳನ್ನು, ಇಲ್ಲಿ ಬೈಟ್‌ಗಳನ್ನು. ಲಿನಕ್ಸ್‌ನಲ್ಲಿ ರೂಢಿಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೇಕು. ಹಾಗಾಗಿ ನಮಗೆ ದಕ್ಕುವುದು 85 ಸಂಕೇತ. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಆರು ಸಂಕೇತಗಳಿವೆ, ಅಂದರೆ 18 ಬೈಟ್. ಲೇಖನದ ಪೂರ್ತಿ ಶೀರ್ಷಿಕೆ, ಲೇಖಕರ ಹೆಸರು, ಪತ್ರಿಕೆಯ ಸಂಚಿಕೆ ಎಲ್ಲವನ್ನೂ ಸೇರಿಸಿ ವಿಂಡೋಸ್‌ನಲ್ಲಿ ಉಳಿಸಿದ ಫೈಲು ಲಿನಕ್ಸ್‌ಗೆ ನಕಲಾಗದೆ ನಿಲ್ಲುವುದು ಇದರಿಂದ.

ಉದ್ದ ಸರಿಯಿದ್ದರೂ ಹೆಸರು ಹೊಂದದಿರುವ ಇನ್ನೊಂದು ಸಂದರ್ಭವಿದೆ. ‘ಕೋಲಾರ’ ಎಂದು ಟೈಪಿಸಿದರೆ ಐದು ಸಂಕೇತ. ಆಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಹೆಸರನ್ನು ಬಿಡಿಸಿ ಬರೆಯುತ್ತಿತ್ತು. ಅಲ್ಲಿ ‘ಕೋ’ದ ಓತ್ವ ಮೂರು ಸಂಕೇತಗಳಾಗಿ ಒಡೆದು, ಹೆಸರು ಏಳು ಸಂಕೇತಕ್ಕೆ ಬೆಳೆಯುತ್ತದೆ. ಪರದೆಯ ಮೇಲೆ ಎರಡೂ ಒಂದೇ. ಲಿನಕ್ಸ್‌ಗೆ ಮಾತ್ರ ಅವು ಬೇರೆ ಬೇರೆ ಹೆಸರು. ಒಂದೇ ಫೋಲ್ಡರಿನಲ್ಲಿ ಎರಡು ‘ಕೋಲಾರ’ ನೆಮ್ಮದಿಯಾಗಿ ಇರಬಲ್ಲವು. 2017ರಲ್ಲಿ ಬಂದ ಎಪಿಎಫ್‌ಎಸ್ ಕೊಟ್ಟ ಹೆಸರನ್ನು ಕೊಟ್ಟಂತೆಯೇ ಇಡುತ್ತದೆ. ಆದರೆ ಅದಕ್ಕೂ ಮುಂಚೆ ಮ್ಯಾಕ್‌ನಲ್ಲಿ ಉಳಿಸಿ ಬೇರೆ ಡಿಸ್ಕಿಗೆ ಹಾಗೇ ದಾಟಿಸಿದ ಸಂಗ್ರಹಗಳಲ್ಲಿ ಏಳು ಸಂಕೇತದ ಹೆಸರುಗಳು ಇನ್ನೂ ಇರಬಹುದು. ಹುಡುಕಿದ ಫೈಲು ಕಣ್ಣೆದುರೇ ಇದ್ದೂ ಸಿಗದಿದ್ದರೆ, ಹೆಸರನ್ನು ಅಳಿಸಿ ಮತ್ತೊಮ್ಮೆ ಟೈಪಿಸಿ ನೋಡಿ. ಅದು ಐದು ಸಂಕೇತಕ್ಕೆ ಮರಳುತ್ತದೆ.