ಸುಮ್ಮನೆ ಕೂತ ಮಗುವಿಗೂ ಕಷ್ಟವಿದೆ

ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ಸಮಸ್ಯೆ ಎಂದ ಕೂಡಲೇ ನಿಮ್ಮ ಕಣ್ಮುಂದೆ ಬರುವುದು ಯಾರು? ಬೆಂಚಿನಿಂದ ಬೆಂಚಿಗೆ ಹಾರುವ, ಪಕ್ಕದವನ ಪೆನ್ಸಿಲ್ ಕಿತ್ತುಕೊಳ್ಳುವ ತುಂಟ ಹುಡುಗ ತಾನೆ? ಇಂಥ ಮಕ್ಕಳಿಗೆ ನೆರವಾಗಬೇಕಾದ ಎಷ್ಟೋ ಶಿಕ್ಷಕರು, ಆಪ್ತ ಸಮಾಲೋಚಕರ ತಲೆಯಲ್ಲೂ ಇರುವುದು ಇದೇ ಚಿತ್ರ. ಆ ಚಿತ್ರಕ್ಕೆ ಹೊಂದದ ಮಗುವಿನ ಪಾಡೇನು ಎಂಬುದನ್ನು ನಾನು ಮನೆಯಲ್ಲೇ ನೋಡಿದ್ದೇನೆ.

ನನ್ನ ತಂಗಿ ತರಗತಿಯಲ್ಲಿ ಗಲಾಟೆ ಮಾಡಿದವಳಲ್ಲ. ಕಿಟಕಿಯಾಚೆ ನೋಡುತ್ತಾ ಕೂರುತ್ತಿದ್ದಳು. ಮಾಡಿದ ಹೋಂವರ್ಕ್ ಕೊಡಲು ಮರೆಯುತ್ತಿದ್ದಳು, ಗೊತ್ತಿದ್ದ ಲೆಕ್ಕವನ್ನೂ ಅರ್ಧಕ್ಕೆ ಬಿಡುತ್ತಿದ್ದಳು. ಏಳನೇ ತರಗತಿಯಲ್ಲಿದ್ದಾಗ ಅಮ್ಮ ಅವಳನ್ನು ಕೌನ್ಸೆಲರ್ ಒಬ್ಬರ ಬಳಿ ಕರೆದುಕೊಂಡು ಹೋಗಿದ್ದಳು. ‘ಇಷ್ಟು ಶಾಂತವಾಗಿ ಕೂತಿದ್ದಾಳೆ, ಎರಡು ಗಂಟೆ ಚಿತ್ರ ಬಿಡಿಸ್ತಾಳೆ ಅಂತೀರಿ. ಇವಳಿಗೆಲ್ಲಿಯ ಎಡಿಎಚ್‌ಡಿ? ಸ್ವಲ್ಪ ಸೋಮಾರಿತನ, ಅಷ್ಟೇ’ ಎಂದು ಕಳುಹಿಸಿದರು. ಮನೋವೈದ್ಯರು ಅದು ಎಡಿಎಚ್‌ಡಿಯೇ ಎಂದು ಹೇಳಿದ್ದು ಪಿಯುಸಿಗೆ ಬಂದ ಮೇಲೆ. ಅಷ್ಟರಲ್ಲಿ ‘ನಾನು ಸೋಮಾರಿ’ ಎಂದು ಅವಳೇ ನಂಬಿಬಿಟ್ಟಿದ್ದಳು.

ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್‌ಎಂ-5 ಕೈಪಿಡಿ ಎಡಿಎಚ್‌ಡಿಯಲ್ಲಿ ಮೂರು ಬಗೆ ಗುರುತಿಸುತ್ತದೆ: ಗಮನದ ಕೊರತೆ ಮುಖ್ಯವಾಗಿರುವುದು, ಅತಿಚಟುವಟಿಕೆ ಮತ್ತು ದುಡುಕು ಮುಖ್ಯವಾಗಿರುವುದು, ಎರಡೂ ಸೇರಿರುವುದು. ಮೊದಲನೆಯ ಬಗೆಯ ಮಗು ಕುಣಿದಾಡಬೇಕೆಂದೇನಿಲ್ಲ. ಹೆಣ್ಣುಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಅದಕ್ಕೇ ಅವರ ತೊಂದರೆ ತಡವಾಗಿ ಗೊತ್ತಾಗುತ್ತದೆ. ಇಷ್ಟದ ಕೆಲಸದಲ್ಲಿ ಗಂಟೆಗಟ್ಟಲೆ ಮುಳುಗುವ ಮಕ್ಕಳಿಗೂ ಎಡಿಎಚ್‌ಡಿ ಇರಬಹುದು. ಗಮನವನ್ನು ಬೇಕಾದಾಗ, ಬೇಕಾದ ಕಡೆ ತಿರುಗಿಸಲು ಆಗದಿರುವುದೇ ಅವರ ಕಷ್ಟ. ಲಕ್ಷಣಗಳು 12 ವರ್ಷಕ್ಕೆ ಮೊದಲೇ ಶುರುವಾಗಿರಬೇಕು, ಮನೆ, ಶಾಲೆ ಹೀಗೆ ಕನಿಷ್ಠ ಎರಡು ಕಡೆ ಕಾಣಬೇಕು, ಆರು ತಿಂಗಳಾದರೂ ಇರಬೇಕು. ಇದನ್ನೆಲ್ಲ ಕೇಳದೆ ಹದಿನೈದು ನಿಮಿಷದಲ್ಲಿ ಹೌದು, ಅಲ್ಲ ಎನ್ನಲು ಹೇಗಾಗುತ್ತದೆ?

ಈಗ ನಾನು ಬಿ.ಇಡಿ. ಓದುತ್ತಿದ್ದೇನೆ. ಇಂಟರ್ನ್‌ಶಿಪ್‌ಗೆ ಹೋದ ಶಾಲೆಯಲ್ಲಿ ಇದರ ಇನ್ನೊಂದು ಮುಖ ಕಂಡೆ. ಆರನೇ ತರಗತಿಯ ಹುಡುಗನೊಬ್ಬನಿಗೆ ಎಡಿಎಚ್‌ಡಿ ಇರುವುದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ತರಗತಿಯಲ್ಲಿ ಏನೇ ಮುರಿದರೂ, ಯಾರೇ ಅತ್ತರೂ ಮೊದಲು ಅವನ ಹೆಸರೇ! ‘ಮುದ್ದು ಮಾಡಿ ಕೆಡಿಸಿದ್ದಾರೆ’, ‘ಅವನಿಂದ ಏನೂ ಆಗಲ್ಲ ಬಿಡಿ’ ಎಂಬ ಮಾತು ಸ್ಟಾಫ್ ರೂಮಿನಲ್ಲಿ ಮಾಮೂಲಿ. ಎಡಿಎಚ್‌ಡಿ ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು, ಬಹುಮಟ್ಟಿಗೆ ವಂಶವಾಹಿಗಳಿಂದ ಬರುವಂಥದ್ದು. ಮುದ್ದಿನಿಂದ ಬರುವುದೂ ಇಲ್ಲ, ಬೆತ್ತದಿಂದ ಹೋಗುವುದೂ ಇಲ್ಲ.

ಆ ಶಿಕ್ಷಕರು ಕೆಟ್ಟವರೇನಲ್ಲ. ಐವತ್ತು ಮಕ್ಕಳ ತರಗತಿ ನಿಭಾಯಿಸುವ ಕಷ್ಟ ನನಗೂ ಗೊತ್ತು. ಆದರೆ ಅದೇ ತರಗತಿಯಲ್ಲಿ ಗಣಿತದ ಮೇಡಂ ಅವನನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ, ಹತ್ತು ಲೆಕ್ಕವನ್ನು ಐದೈದಾಗಿ ಕೊಡುತ್ತಿದ್ದರು. ನಡುವೆ ಎದ್ದು ಪುಸ್ತಕ ಹಂಚುವ ಕೆಲಸವನ್ನೂ ಅವನಿಗೇ ವಹಿಸುತ್ತಿದ್ದರು. ಅವರ ಪೀರಿಯಡ್‌ನಲ್ಲಿ ಅವನ ಮೇಲೆ ದೂರು ಬಂದಿದ್ದನ್ನು ನಾನು ಕೇಳಲಿಲ್ಲ.

ನಮ್ಮಲ್ಲಿ ಕೆಲವರು ಟಿಇಟಿಗೆ ಓದುತ್ತಿದ್ದೇವೆ, ಕೆಲವರು ಮನಶ್ಶಾಸ್ತ್ರ, ಎಂ.ಎಸ್‌.ಡಬ್ಲ್ಯು., ನರ್ಸಿಂಗ್ ಮಾಡುತ್ತಿದ್ದೇವೆ. ನಾಳೆ ಇಂಥ ಮಕ್ಕಳು ಬರುವುದು ನಮ್ಮ ಬಳಿಗೇ. ಎಡಿಎಚ್‌ಡಿಯ ವಿಸ್ತೃತ ರೂಪ ಬರೆದರೆ ಪರೀಕ್ಷೆಯಲ್ಲಿ ಅಂಕ ಸಿಗಬಹುದು. ಎದುರಿಗೆ ಕೂತ ಮಗುವಿಗೆ ಏನು ಕಷ್ಟ, ಯಾವ ಹೊತ್ತಿನಲ್ಲಿ ಕಷ್ಟ ಎಂದು ಕೇಳುವ ತಾಳ್ಮೆಯನ್ನು ಮಾತ್ರ ನಾವೇ ಕಲಿಯಬೇಕು.